ಕಿತ್ತಳೆಗೆ ಇಪ್ಪತ್ಮೂರು, ಕಟ್ಟಿಗೆ ಒಂಬತ್ತು

ನಮ್ಮ ಗೃಹವಿಜ್ಞಾನದ ಟೀಚರ ಬಲಗೈ ಹೆಬ್ಬೆರಳಿನ ಉಗುರು ಸದಾ ಹಸಿರಾಗಿರುತ್ತಿತ್ತು. ಬೇರೆ ಟೀಚರುಗಳ ಬೆರಳಿಗೆ ಸೀಮೆಸುಣ್ಣ ಮೆತ್ತಿಕೊಂಡಿದ್ದರೆ ಇವರ ಉಗುರಿಗೆ ಸೊಪ್ಪಿನ ರಸ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೊಪ್ಪು ಮಾರುವವರ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದು ದಂಟಿಗೂ ಆ ಉಗುರು ಒತ್ತುತ್ತಿದ್ದರು. ಚಟ್ಟನೆ ಮುರಿದರೆ ಎಳೆಯದು, ಚೀಲಕ್ಕೆ. ಬಾಗಿದರೆ ಬಲಿತದ್ದು, ವಾಪಸು ಬುಟ್ಟಿಗೆ. "ಎಲ್ಲಾನೂ ಮುರಿದು ಹಾಕಿದ್ರೆ ನಾನು ಯಾರಿಗೆ ಮಾರ್ಲಿ ತಾಯಿ?" ಎಂದು ಮಾರುವವಳು ಗೋಳಾಡಿದರೆ, "ಮುರಿದಿದ್ದನ್ನೆಲ್ಲ ನಾನೇ ತಗೊಂಡಿಲ್ವೇನೇ?" ಎಂದು ಇವರೇ ದಬಾಯಿಸುತ್ತಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಸುದ್ದಿ ಬಂದ ದಿನ ನಾನು ಅತ್ತೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಅವತ್ತು ಸಂತೆಗೆ ಹೋಗಿ, ಬೇಡದಿದ್ದರೂ ಒಂದು ಕಂತೆ ದಂಟು ಮುರಿದು ನೋಡಿದ್ದು ಮಾತ್ರ ನೆನಪಿದೆ.

ಕುಳ್ಳಗಿನ ಹೆಂಗಸು. ಗಂಜಿ ಹಾಕಿದ ಹತ್ತಿ ಸೀರೆ, ಬಿಸಿಲಿಗೂ ಮಳೆಗೂ ಒಂದೇ ಕರಿ ಛತ್ರಿ. ಮಾತು ಮಾತ್ರ ಆಳಿಗೆ ಎರಡರಷ್ಟು. ನಮ್ಮ ಹುಡುಗಿಯರ ಹೈಸ್ಕೂಲಿನಲ್ಲಿ ಗೃಹವಿಜ್ಞಾನ ಅಂದರೆ ಉಳಿದ ಮೇಷ್ಟರುಗಳಿಗೆಲ್ಲ ತಮಾಷೆ. "ಏನ್ ಟೀಚರ್, ಇವತ್ತು ಯಾವ ಪಲ್ಯದ ಪಾಠ?" ಎಂದು ಲೆಕ್ಕದ ಮೇಷ್ಟರು ಕೆಣಕಿದ್ದಕ್ಕೆ ಇವರು ಕೊಟ್ಟ ಉತ್ತರ ಇಡೀ ಶಾಲೆಯ ಬಾಯಲ್ಲಿತ್ತು. "ನಿಮ್ ಲೆಕ್ಕ ತಪ್ಪಿದ್ರೆ ಒಂದು ಮಾರ್ಕು ಹೋಗುತ್ತೆ ಸಾರ್. ನನ್ ಲೆಕ್ಕ ತಪ್ಪಿದ್ರೆ ಒಂದು ಹಲ್ಲು ಹೋಗುತ್ತೆ." ಮೇಷ್ಟರು ಆಮೇಲೆ ಪಲ್ಯದ ಸುದ್ದಿ ಎತ್ತಲಿಲ್ಲ.

ಹಾಜರಿ ಹಾಕುವ ರೀತಿಯೂ ವಿಚಿತ್ರ. ಹೆಸರು ಕೂಗಿದ ಹುಡುಗಿ ಮೇಜಿನ ಹತ್ತಿರ ಹೋಗಬೇಕು. ಕಣ್ಣಿನ ಕೆಳರೆಪ್ಪೆ ಎಳೆದು ಬಣ್ಣ ನೋಡುವರು, ನಾಲಿಗೆ ನೋಡುವರು, ತುಟಿ ಎತ್ತಿ ಒಸಡು ನೋಡುವರು. ದನದ ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡ್ತಾರಲ್ಲ ಎಂದು ನಾವು ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗುತ್ತಿದ್ದೆವು. ಒಂಬತ್ತನೇ ಕ್ಲಾಸಿನ ಆ ಚಳಿಗಾಲದಲ್ಲಿ ನನಗೆ ಮಾತ್ರ ನಗು ಬರುತ್ತಿರಲಿಲ್ಲ. ತುಟಿ ಬಿಗಿ ಹಿಡಿದೇ ಮಾತಾಡುತ್ತಿದ್ದೆ.

ನಾನು ಭದ್ರಾವತಿಯಿಂದ ದಿನಾ ರೈಲಿನಲ್ಲಿ ಬರುವವಳು. ಅಪ್ಪನಿಗೆ ಕಬ್ಬಿಣದ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ, ಮನೆ ಕಾರ್ಖಾನೆಯ ಕ್ವಾರ್ಟರ್ಸು. ಆ ವರ್ಷ ದೀಪಾವಳಿ ಕಳೆದ ಮೇಲೆ ಬೆಳಿಗ್ಗೆ ಹಲ್ಲುಜ್ಜಿದರೆ ರಕ್ತ ಬರತೊಡಗಿತು. ಮೊದಮೊದಲು ಎಳೆಯಷ್ಟು, ಆಮೇಲೆ ಉಗುಳಿದ್ದೆಲ್ಲ ಕೆಂಪು. ಮೈಯಲ್ಲಿ ಕಸುವೇ ಇಲ್ಲ. ರೈಲಿನ ಮೆಟ್ಟಿಲು ಹತ್ತಲೂ ಏದುಸಿರು. ಒಂದು ದಿನ ಸ್ಟೇಷನ್ನಿನ ನಲ್ಲಿಯಲ್ಲಿ ಬಾಯಿ ಮುಕ್ಕಳಿಸುವಾಗ ಯಾರೋ ನೋಡಿದರು. ಸಂಜೆಯೊಳಗೆ ನಮ್ಮ ಸಾಲಿನ ಮನೆಗಳಿಗೆಲ್ಲ ಸುದ್ದಿ: ಆ ಹುಡುಗಿಗೆ ಕ್ಷಯವಂತೆ, ರಕ್ತ ಉಗುಳ್ತಾಳಂತೆ.

ಅಪ್ಪ ನಡುಗಿಹೋದರು. ಡಾಕ್ಟರು ಎದೆ ಬಡಿದು ಬೆನ್ನು ಬಡಿದು ನೋಡಿ, "ಕ್ಷಯವೂ ಇಲ್ಲ ಏನೂ ಇಲ್ಲ. ನಿಶ್ಶಕ್ತಿ. ಹಣ್ಣು ತಿನ್ಸಿ," ಅಂದರು. ಹಣ್ಣು ಅಂದರೆ ಅಪ್ಪನ ಪಾಲಿಗೆ ಒಂದೇ, ಕಿತ್ತಳೆ. ಭಾನುವಾರಕ್ಕೊಮ್ಮೆ ಶಿವಮೊಗ್ಗಕ್ಕೆ ಹೋಗಿ ಒಂದೇ ಒಂದು ಕೊಡಗಿನ ಕಿತ್ತಳೆಯನ್ನು ಕರವಸ್ತ್ರದಲ್ಲಿ ಸುತ್ತಿ ತರುವರು. ಸಿಪ್ಪೆ ಬಿಡಿಸುವಾಗ ಮನೆಯೆಲ್ಲ ಘಮಘಮ. ನಾವು ನಾಲ್ವರು ಮಕ್ಕಳು. ತಲೆಗೆ ಎರಡು ತೊಳೆ, ನನಗೆ ಕಾಯಿಲೆಯೆಂದು ಇನ್ನೊಂದು. ಅಷ್ಟು ಪ್ರೀತಿಯಿಂದ ಕೊಟ್ಟ ಮೂರು ತೊಳೆಯಿಂದ ವಾರವಿಡೀ ನನ್ನ ಒಸಡು ಗಟ್ಟಿಯಾಗಬೇಕಿತ್ತು. ಆಗಲಿಲ್ಲ. ಕೊನೆಗೆ ಅಪ್ಪ ಒಂದು ದಿನ ಊಟದ ಹೊತ್ತಿನಲ್ಲಿ ಅಂದರು, "ಈ ಹೊಗೆ ರೈಲು, ಈ ಓಡಾಟ ಇವಳ ಮೈಗೆ ಆಗ್ತಿಲ್ಲ. ಸಂಕ್ರಾಂತಿ ಆದ್ಮೇಲೆ ಸ್ಕೂಲು ಬೇಡ. ಮನೇಲಿರ್ಲಿ."

ಅಮ್ಮ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. ನನ್ನನ್ನು ಹೈಸ್ಕೂಲಿಗೆ ಕಳಿಸಬೇಕೆಂದು ಹಠ ಹಿಡಿದವಳೇ ಅವಳು. ಆದರೆ ಮಗಳು ರಕ್ತ ಉಗುಳುವಾಗ ಯಾವ ತಾಯಿ ಹಠ ಮಾಡಿಯಾಳು? ನಾನು ಎದ್ದು ಹಿತ್ತಲಿಗೆ ಹೋಗಿ ಬಿಕ್ಕಿಬಿಕ್ಕಿ ಅತ್ತೆ.

ಆ ಹಿತ್ತಲಲ್ಲೇ ಇತ್ತು ನುಗ್ಗೆಮರ. ಪಕ್ಕದ ಮನೆಯ ತಮಿಳಿನ ಅಮ್ಮ ನೆಟ್ಟದ್ದು, ಅರ್ಧ ಕೊಂಬೆ ನಮ್ಮ ಬೇಲಿಯೊಳಗೆ. ಅವರು ಸೊಪ್ಪು ಮುರಿದು ಕೊಡಲು ಬಂದರೆ ಅಮ್ಮ ಕೈಮುಗಿದು ಬೇಡ ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಸೊಪ್ಪು ಬೇಯುವಂತಿರಲಿಲ್ಲ. ನುಗ್ಗೆ, ದಂಟು, ಹೊನಗೊನ್ನೆ, ಯಾವುದೂ ಇಲ್ಲ. ಅದು ಅಪ್ಪನ ಕಟ್ಟಪ್ಪಣೆ. ಹೊಳೆಹೊನ್ನೂರಿನ ಕಡೆಯ ಹಳ್ಳಿಯಲ್ಲಿ ಅವರು ಹುಡುಗರಾಗಿದ್ದಾಗ ಹಸಿವಿನ ಕಾಲ ಬಂದು, ಅಜ್ಜಿ ತಿಂಗಳುಗಟ್ಟಲೆ ನುಗ್ಗೆಸೊಪ್ಪನ್ನು ಉಪ್ಪು ಹಾಕಿ ಬೇಯಿಸಿ ಇಕ್ಕಿದ್ದಳಂತೆ. ಆ ವರ್ಷವೇ ಅಪ್ಪನ ತಮ್ಮ ತೀರಿಕೊಂಡ. ಸಂಬಳದ ಕೆಲಸ ಸಿಕ್ಕ ದಿನ ಅಪ್ಪ ಆಣೆ ಇಟ್ಟರು, ನನ್ನ ಮನೆಯಲ್ಲಿ ಇನ್ನು ಸೊಪ್ಪುಸದೆ ಇಲ್ಲ ಎಂದು. ಆಲೂಗಡ್ಡೆ, ಬದನೆ, ಹುರುಳಿಕಾಯಿ, ಕೈ ತುಂಬಾ ಬಂದ ತಿಂಗಳು ಹೂಕೋಸು. ಅವರ ಲೆಕ್ಕದಲ್ಲಿ ಅದೇ ನಾವು ಮೇಲೆ ಬಂದಿದ್ದಕ್ಕೆ ಸಾಕ್ಷಿ.

ಅಲ್ಲಿಯವರೆಗೆ ಹಾಜರಿಯಲ್ಲಿ ನಾಲಿಗೆಯಷ್ಟೇ ತೋರಿಸಿ ಹೇಗೋ ನುಣುಚಿಕೊಂಡಿದ್ದೆ. ಮರುದಿನ ಮತ್ತೆ ನನ್ನ ಸರದಿ. ಟೀಚರು ತುಟಿ ಎತ್ತಿದವರು ಕೈ ತೆಗೆಯಲೇ ಇಲ್ಲ.

"ಎಷ್ಟು ದಿನದಿಂದ ಹೀಗೆ?"

ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ರಕ್ತ, ಕಿತ್ತಳೆ, ಸಂಕ್ರಾಂತಿ, ಅಪ್ಪನ ಆಣೆ. ಹಿಂದಿನ ಬೆಂಚಿನವರೆಗೂ ಕೇಳಿಸಿತು, ಯಾರೂ ನಗಲಿಲ್ಲ.

"ಸೊಪ್ಪು ತಿನ್ನಲ್ವಾ? ಹಿತ್ತಲಲ್ಲಿ ನುಗ್ಗೆ ಇಟ್ಕೊಂಡು? ಅಯ್ಯೋ ಮಾರಾಯ್ತಿ!" ಎಂದು ಹಣೆ ಚಚ್ಚಿಕೊಂಡರು. "ಹಿತ್ತಲ ಗಿಡ ಮದ್ದಲ್ಲ ಅಂತ ಯಾರೋ ಹೇಳಿದ್ದನ್ನ ನಿಮ್ಮಪ್ಪ ಕಾಯ್ದೆ ಮಾಡ್ಕೊಂಡು ಕೂತಿದಾರೆ." ಆಮೇಲೆ ಕೇಳಿದರು, "ಲ್ಯಾಬಲ್ಲಿ ಏನು ಮಾಡ್ತಾರೆ ನಿಮ್ಮಪ್ಪ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಅದಿರನ್ನು ಆಸಿಡ್ಡಿನಲ್ಲಿ ಕರಗಿಸಿ, ಉದ್ದನೆ ಗಾಜಿನ ಕೊಳವೆಯಿಂದ ಹನಿಹನಿಯಾಗಿ ಇನ್ನೇನನ್ನೋ ಬಿಡುತ್ತಾರೆ. ಯಾವ ಹನಿಗೆ ಬಣ್ಣ ಬದಲಾಗುತ್ತದೋ ಅಲ್ಲಿಗೆ ನಿಲ್ಲಿಸಿ, ಕಬ್ಬಿಣ ಎಷ್ಟಿದೆ ಎಂದು ಹೇಳುತ್ತಾರೆ. ಅಪ್ಪನಿಗೆ ಆ ಹನಿಯ ಮೇಲೆ ಇದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ.

ಟೀಚರ ಮುಖ ಅರಳಿತು. "ಹಂಗಾದ್ರೆ ಭಾನುವಾರ ಮನೇಲಿರೋಕೆ ಹೇಳು. ಬರ್ತೀನಿ."

ಬಂದೇ ಬಂದರು. ಛತ್ರಿ, ಚೀಲ, ಚೀಲದಲ್ಲಿ ಎರಡು ಕಿತ್ತಳೆ, ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ ಸೀಸೆ, ಗಾಜಿನ ಲೋಟಗಳು. ಅಪ್ಪ ಇಸ್ತ್ರಿ ಅಂಗಿ ಹಾಕಿ ಕಾದಿದ್ದರು. ಉಪಚಾರದ ಮಾತು ಮುಗಿಯುವ ಮೊದಲೇ ಟೀಚರು ನೇರವಾಗಿ ಶುರು ಮಾಡಿದರು.

"ಯಜಮಾನ್ರೇ, ನಾನು ಭಾಷಣ ಮಾಡೋಕೆ ಬಂದಿಲ್ಲ. ಪರೀಕ್ಷೆ ಮಾಡೋಕೆ ಬಂದಿದೀನಿ. ಹನಿ ನೀವೇ ಎಣಿಸಿ."

ಅಪ್ಪನ ಹುಬ್ಬು ಮೇಲೇರಿತು. ಪರೀಕ್ಷೆ ಎಂಬ ಮಾತು ಬಿದ್ದ ಮೇಲೆ ಅವರನ್ನು ಹಿಡಿಯುವುದು ಯಾರಿಂದ ಸಾಧ್ಯ?

ತಿಳಿ ಅಕ್ಕಿಗಂಜಿಗೆ ಒಂದು ಹನಿ ಟಿಂಚರ್ ಬಿಟ್ಟರೆ ಗಾಢ ನೀಲಿಯಾಗುತ್ತದೆ. ಅದಕ್ಕೆ ಹಣ್ಣಿನದೋ ಸೊಪ್ಪಿನದೋ ರಸ ಹನಿಹನಿಯಾಗಿ ಬಿಡುತ್ತ ಹೋದರೆ, ಅದರೊಳಗಿನ ಸಿ ಜೀವಸತ್ವ ಆ ನೀಲಿಯನ್ನು ತಿಂದುಹಾಕುತ್ತದೆ. ಕಡಿಮೆ ಹನಿಗೆ ನೀಲಿ ಹೋದರೆ ಸತ್ವ ಹೆಚ್ಚು. "ಒಸಡಿಗೆ ಬೇಕಾಗಿರೋದು ಇದೇ ಸತ್ವ. ಇದು ಮಕ್ಕಳ ಪರೀಕ್ಷೆ, ನಿಮ್ಮ ಲ್ಯಾಬಿನಷ್ಟು ನಿಖರ ಅಲ್ಲ," ಎಂದು ಟೀಚರು ಮೊದಲೇ ಒಪ್ಪಿಕೊಂಡರು. ಅಪ್ಪನಿಗೆ ಅದು ಹಿಡಿಸಿತು. ತಾವೇ ತಕ್ಕಡಿ ತಂದು ಕಿತ್ತಳೆಯ ತೊಳೆಯನ್ನೂ ನುಗ್ಗೆಸೊಪ್ಪನ್ನೂ ಸಮ ತೂಗಿದರು. ಎರಡನ್ನೂ ಅಷ್ಟಷ್ಟೇ ನೀರು ಹಾಕಿ ಅರೆಸಿದರು. ನನ್ನ ಪೆನ್ನಿನ ಇಂಕ್ ಫಿಲ್ಲರನ್ನು ಮೂರು ಸಲ ತೊಳೆದು ಕೈಗೆ ತೆಗೆದುಕೊಂಡರು. ಸೊಪ್ಪು ಮಾತ್ರ ತಾವು ಮುಟ್ಟಲಿಲ್ಲ, ಅಮ್ಮನಿಂದಲೇ ತಕ್ಕಡಿಗೆ ಹಾಕಿಸಿದರು.

ಕಿತ್ತಳೆಗೆ ಇಪ್ಪತ್ಮೂರು ಹನಿ.

ನುಗ್ಗೆಸೊಪ್ಪಿಗೆ ನಾಲ್ಕು.

ಅಪ್ಪ ಲೋಟವನ್ನು ಬೆಳಕಿಗೆ ಹಿಡಿದರು. ಇನ್ನೊಂದು ಸಲ ಮಾಡಿದರು. ಆಗಲೂ ನಾಲ್ಕೇ. ನಾನು ಕುಣಿಯುವುದೊಂದು ಬಾಕಿ. ಆದರೆ ಅಪ್ಪ ಅಷ್ಟು ಸುಲಭದ ಗಿರಾಕಿ ಅಲ್ಲ.

"ಸರಿ ಟೀಚರಮ್ಮ. ಹಣ್ಣನ್ನ ಹಸೀದು ತಿಂತೀವಿ. ಸೊಪ್ಪನ್ನ ಹಸೀದು ತಿನ್ನೋಕೆ ನಾವೇನು ಆಡಾ? ಬೇಯಿಸಿ ನೋಡಿ."

"ನ್ಯಾಯವಾದ ಮಾತು," ಎಂದರು ಟೀಚರು. ಅಮ್ಮ ಒಲೆಗೆ ಎಸರಿಟ್ಟಳು. ಆ ಮನೆಯ ಒಲೆಯ ಮೇಲೆ ಸೊಪ್ಪು ಬೆಂದದ್ದು ಅದೇ ಮೊದಲು. ಅದರ ವಾಸನೆ ಎದ್ದದ್ದೇ ತಡ, ಅಪ್ಪ ಎದ್ದು ಬಾಗಿಲ ಹತ್ತಿರ ಹೋಗಿ ನಿಂತರು.

"ಆ ವಾಸನೆ ನಿಮಗೆ ಗೊತ್ತಿಲ್ಲ ಟೀಚರಮ್ಮ. ಬೆಳಿಗ್ಗೆ ಅದು, ರಾತ್ರಿ ಅದು. ಅದನ್ನ ತಿಂದ್ಕೊಂಡೇ ನನ್ನ ತಮ್ಮ ಸತ್ತ."

ತಮ್ಮನ ಮಾತನ್ನು ಅಪ್ಪ ಹಾಗೆ ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿರಲಿಲ್ಲ. ಟೀಚರು ಎದ್ದು ಅವರ ಹತ್ತಿರ ಹೋದರು. ದನಿ ಇಳಿದಿತ್ತು.

"ಸೊಪ್ಪು ತಿಂದು ಅಲ್ಲ ಯಜಮಾನ್ರೇ. ಅನ್ನ ಇಲ್ದೆ. ಆ ಸೊಪ್ಪೂ ಇಲ್ದೇ ಇದ್ದಿದ್ರೆ ನೀವೂ ಇರ್ತಿರ್ಲಿಲ್ಲ, ಈ ಹುಡುಗೀನೂ ಇರ್ತಿರ್ಲಿಲ್ಲ. ನಿಮ್ಮ ತಾಯಿ ಕೈಲಿದ್ದ ಒಂದೇ ಒಂದರಲ್ಲಿ ನಿಮ್ಮನ್ನ ಉಳಿಸ್ಕೊಂಡ್ರು. ಅದಕ್ಕೆ ಯಾಕೆ ಸಿಟ್ಟು?"

ಟೀಚರು ಹಸಿವಿನ ಮಾತು, ತಮ್ಮದೇ ತಾಯಿಯ ಮಾತು, ಒಂದಾದ ಮೇಲೊಂದು ಹೇಳುತ್ತ ಹೋದರು. ಒಲೆಯ ಮೇಲೆ ಸೊಪ್ಪು ಕುದಿಯುತ್ತಲೇ ಇತ್ತು. ನೆನಪಾದಾಗ "ಅಯ್ಯೋ, ಇಳಿಸಿ, ಇಳಿಸಿ! ಬಸಿದು ಹಿಂಡಿ ಕೊಡಿ," ಎಂದು ಕೂಗಿದರು. ಅಮ್ಮ ಬಸಿದು, ಹಿಂಡಿ, ಸೊಪ್ಪಿನ ಉಂಡೆಯನ್ನು ತಟ್ಟೆಯಲ್ಲಿ ತಂದಿಟ್ಟಳು. ಅರೆದು ರಸ ತೆಗೆದು, ಅಪ್ಪ ಎಣಿಸತೊಡಗಿದರು.

ಹತ್ತು. ಇಪ್ಪತ್ತು. ಇಪ್ಪತ್ಮೂರು ದಾಟಿತು. ಲೋಟ ಇನ್ನೂ ನೀಲಿ. ನಲವತ್ತಕ್ಕೂ ನೀಲಿ.

ಅಪ್ಪ ಫಿಲ್ಲರ್ ಕೆಳಗಿಟ್ಟರು. ಗೆದ್ದ ಮುಖವಲ್ಲ ಅದು. ಅವರಿಗೂ ನಾನು ಗೆಲ್ಲಲಿ ಎಂಬ ಆಸೆ ಅಷ್ಟು ಹೊತ್ತಿಗೆ ಹುಟ್ಟಿತ್ತೇನೋ. "ನೋಡಿದ್ರಾ ಟೀಚರಮ್ಮ? ಬೆಂದ್ಮೇಲೆ ಬರೀ ಹುಲ್ಲು," ಅಂದರು.

ಟೀಚರ ಬಾಯಿ ಕಟ್ಟಿಹೋಯಿತು. ಅವರ ಬಾಯಿ ಕಟ್ಟಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನ ಸ್ಕೂಲು ಮುಗಿಯಿತು ಎಂದು ನಾನು ಗೋಡೆಗೆ ಒರಗಿದೆ. ಆಗ ಒಲೆಯ ಹತ್ತಿರದಿಂದ ಅಮ್ಮ ಮೆಲ್ಲಗೆ ಕೇಳಿದಳು.

"ಟೀಚರೇ, ಈ ಕಟ್ಟನ್ನ ಏನ್ ಮಾಡ್ಲಿ? ಚೆಲ್ಲೋಕೆ ಮನಸ್ಸು ಬರ್ಲಿಲ್ಲ."

ಸೊಪ್ಪು ಬಸಿದ ನೀರೇ ಕಟ್ಟು. ಅಮ್ಮನ ತವರಿನಲ್ಲಿ ಸೊಪ್ಪಿನ ಪಲ್ಯ ಒಂದು ಕಡೆ, ಕಟ್ಟಿನಿಂದ ಮಾಡಿದ ಬಸ್ಸಾರು ಇನ್ನೊಂದು ಕಡೆ. ಕಟ್ಟು ಚೆಲ್ಲಿದ ಸೊಸೆಗೆ ಅಲ್ಲಿ ಅಡಿಗೆಮನೆಯಲ್ಲಿ ಜಾಗವಿರಲಿಲ್ಲ. ಇಷ್ಟು ವರ್ಷ ಸೊಪ್ಪು ಮುಟ್ಟದಿದ್ದರೂ ಅವಳ ಕೈ ಅದನ್ನು ಮರೆತಿರಲಿಲ್ಲ. ಬಸಿಯುವಾಗ ತಾನಾಗಿಯೇ ಕೆಳಗೆ ಪಾತ್ರೆ ಇಟ್ಟಿತ್ತು.

"ಥೂ, ನನ್ನ ಬುದ್ಧಿಗಿಷ್ಟು!" ಟೀಚರು ತಮ್ಮ ತಲೆಗೆ ತಾವೇ ಮೊಟಕಿಕೊಂಡರು. "ವರ್ಷವಿಡೀ ಹುಡುಗೀರಿಗೆ ಕಟ್ಟು ಚೆಲ್ಬೇಡಿ, ಸತ್ವ ನೀರಿಗಿಳಿಯುತ್ತೆ ಅಂತ ಬಾಯಿ ಬಡ್ಕೊತೀನಿ. ಇಲ್ಲಿ ಬಂದು ನಾನೇ ಹಿಂಡಿದ ಸೊಪ್ಪು ಹಿಡ್ಕೊಂಡು ಕೂತೆ! ತನ್ನಿ ತಾಯೀ, ತನ್ನಿ ಇಲ್ಲಿ!"

ಅಪ್ಪ ಹೊಸ ಲೋಟಕ್ಕೆ ಗಂಜಿ ಹಾಕಿದರು, ಟಿಂಚರ್ ಬಿಟ್ಟರು. ಒಂದು, ಎರಡು, ಮೂರು. ನಾವು ನಾಲ್ವರು ಮಕ್ಕಳೂ ಜೋರಾಗಿ ಎಣಿಸತೊಡಗಿದೆವು. ಏಳಕ್ಕೆ ನೀಲಿ ಮಾಸಿತು. ಎಂಟಕ್ಕೆ ಬೂದಿಯ ಬಣ್ಣ. ಒಂಬತ್ತನೇ ಹನಿಗೆ ಲೋಟದಲ್ಲಿ ನೀಲಿ ಎಂಬುದೇ ಇಲ್ಲ, ಎಳೇ ಹಸಿರು ನೀರು.

"ಒಂಬತ್ತು!" ಎಂದು ಟೀಚರು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿ, ತಮಿಳಿನ ಅಮ್ಮ ಬೇಲಿಯಿಂದ "ಎನ್ನಾಮ್ಮಾ, ಎನ್ನ?" ಎಂದು ಇಣುಕಿದರು. ಅಷ್ಟು ಹೊತ್ತು ಕುದಿಸಿ ಕೆಡಿಸಿದ ಮೇಲೂ ಕಿತ್ತಳೆಗೆ ಇಪ್ಪತ್ಮೂರು, ಕಟ್ಟಿಗೆ ಒಂಬತ್ತು! ಅಮ್ಮನ ಕಣ್ಣಲ್ಲಿ ನೀರು. ಅವಳು ಏನೂ ತಿಳಿಯದೆ ಕೇಳಿದಳೋ, ಬೇಕೆಂದೇ ಆ ಗಳಿಗೆಗೆ ಕಾದಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟು ಸಲ ಕೇಳಿದರೂ ನಕ್ಕು ಒಲೆಯ ಕಡೆ ತಿರುಗುತ್ತಿದ್ದಳು.

ಅಪ್ಪ ಲೋಟವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ ಅಂದರು, "ಉಳಿದಿದ್ದನ್ನ ಚೆಲ್ಬೇಡ. ಸಾರು ಮಾಡು."

ಅವತ್ತು ಮಧ್ಯಾಹ್ನ ಟೀಚರು ನಮ್ಮ ಮನೆಯಲ್ಲೇ ಊಟ ಮಾಡಿದರು. ಅಪ್ಪ ಮೊದಲನೇ ತುತ್ತನ್ನು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಎರಡನೇ ತುತ್ತಿಗೆ ತೆರೆದರು. ಮೂರನೇ ಸಲ ತಾವೇ ಸಾರು ಹಾಕಿಸಿಕೊಂಡರು. ತಂದಿದ್ದ ಎರಡು ಕಿತ್ತಳೆಯಲ್ಲಿ ಉಳಿದದ್ದನ್ನು ಟೀಚರು ನಮ್ಮ ಕೈಗಿಟ್ಟು, "ಕಿತ್ತಳೆ ಕೆಟ್ಟದ್ದು ಅಂತ ನಾನೆಲ್ಲಿ ಹೇಳ್ದೆ? ಸಿಕ್ಕಾಗ ತಿನ್ನಿ. ಅದಕ್ಕೋಸ್ಕರ ಕಾಯ್ಬೇಡಿ, ಅಷ್ಟೇ," ಅಂದರು. ಹೊರಡುವಾಗ ಅಪ್ಪನಿಗೆ ಹೇಳಿದ್ದು, "ಯುಗಾದಿವರೆಗೆ ಸಮಯ ಕೊಡಿ. ಗುಣ ಆಗ್ದಿದ್ರೆ ನಾನೇ ಬಂದು ಸ್ಕೂಲು ಬಿಡಿಸ್ತೀನಿ."

ಯುಗಾದಿ ತನಕ ಕಾಯಬೇಕಾಗಲೇ ಇಲ್ಲ. ಅಪ್ಪ ದಿನಾ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ಬಿಳಿ ಬಟ್ಟೆಯ ಚೂರು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದರು. ಒಸಡಿಗೆ ಒತ್ತಿಸಿ, ಕೆಂಪು ಎಷ್ಟು ಹತ್ತಿತೆಂದು ನೋಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಮೂರನೇ ವಾರದ ಒಂದು ಬೆಳಿಗ್ಗೆ ಬಟ್ಟೆ ಬಿಳಿಯಾಗಿಯೇ ಉಳಿಯಿತು. ಅಪ್ಪ ಆ ಚೂರನ್ನೇ ಮಡಿಸಿ ನನ್ನ ಕೈಗೆ ಕೊಟ್ಟರು. "ನಿಮ್ಮ ಟೀಚರಿಗೆ ತೋರ್ಸು. ರೈಲು ಹೊರಡೋ ಹೊತ್ತಾಯ್ತು, ಓಡು." ನಾನು ನಿಜವಾಗಿಯೂ ಓಡಿದೆ. ಏದುಸಿರು ಬರಲಿಲ್ಲ.

ಟೀಚರು ಆ ಬಟ್ಟೆಯನ್ನು ಇಡೀ ಕ್ಲಾಸಿಗೆ ಎತ್ತಿ ಹಿಡಿದು ತೋರಿಸಿದರು. ಗೆದ್ದೆ ಎಂದು ಬೀಗಿದರು, ಅದರಲ್ಲಿ ಸಂಕೋಚ ಪಡುವವರಲ್ಲ ಅವರು. ಆದರೆ ಆ ದಿನದ ಪಾಠ ಶುರು ಮಾಡಿದ್ದು ಹೀಗೆ: "ಭದ್ರಾವತೀಲಿ ನಾನು ಒಂದು ತಪ್ಪು ಮಾಡ್ದೆ. ಅದನ್ನ ತಿದ್ದಿದ್ದು ಇವಳ ತಾಯಿ. ಬರ್ಕೊಳ್ಳಿ." ಮುಂದೆ ಪ್ರತಿ ವರ್ಷವೂ ಆ ಪಾಠಕ್ಕೆ ಅದೇ ಪೀಠಿಕೆ ಇರುತ್ತಿತ್ತೆಂದು ನನ್ನ ತಂಗಿಯರು ಹೇಳುತ್ತಿದ್ದರು. ನಾಲ್ಕನೇ ಕ್ಲಾಸು ಓದಿದ ಅಮ್ಮ ಒಂದು ಹೈಸ್ಕೂಲಿನ ಪಾಠದಲ್ಲಿ ಸೇರಿಹೋದಳು. ಅಷ್ಟು ದೊಡ್ಡ ಮನಸ್ಸು ನನಗೆ ಇವತ್ತಿಗೂ ಬಂದಿಲ್ಲ. ತಪ್ಪು ಮಾಡಿದರೆ ಮೊದಲು ಮುಚ್ಚಿಡಲು ನೋಡುತ್ತೇನೆ, ಆಮೇಲೆ ಅವರ ನೆನಪಾಗಿ ನಾಚಿಕೆಯಾಗುತ್ತದೆ.

ನಾನು ಹೈಸ್ಕೂಲು ಮುಗಿಸಿ ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಟೀಚರಿಗೆ ಹೊಟ್ಟೆಯ ಆಪರೇಷನ್ ಆಯಿತು. ಆಸ್ಪತ್ರೆಗೆ ನೋಡಲು ಹೋಗುವವರು ಕಿತ್ತಳೆ ಒಯ್ಯುವುದು ನಮ್ಮ ಕಡೆಯ ಪದ್ಧತಿ, ಬರಿಗೈಲಿ ಹೋಗಬಾರದು. ಅಪ್ಪ ಟಿಫನ್ ಕ್ಯಾರಿಯರ್ ಹಿಡಿದು ರೈಲಿಳಿದಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಆಸ್ಪತ್ರೆಗೆ ಯಾರಾದ್ರೂ ಸೊಪ್ಪಿನ ಕಟ್ಟು ತಗೊಂಡು ಹೋಗ್ತಾರಾ ಅಪ್ಪ? ನಗ್ತಾರೆ."

"ನಗ್ಲಿ," ಅಂದರು ಅಪ್ಪ.

ವಾರ್ಡಿನಲ್ಲಿ ಟೀಚರ ಮಂಚದ ಪಕ್ಕದ ಸ್ಟೂಲು ಹಣ್ಣಿನಂಗಡಿಯ ಹಾಗಿತ್ತು. ಶಾಲೆಯವರು, ಹಳೇ ವಿದ್ಯಾರ್ಥಿನಿಯರು ತಂದ ಕಿತ್ತಳೆ ರಾಶಿ. ಲೆಕ್ಕದ ಮೇಷ್ಟರೂ ಒಂದು ಡಜನ್ ಹಿಡಿದು ನಿಂತಿದ್ದರು. ಅವತ್ತಿನಿಂದ ತಿಳಿಸಾರು ಕೊಡಬಹುದೆಂದು ನರ್ಸು ಹೇಳಿದ್ದರಂತೆ. ಟೀಚರು ತೀರಾ ಇಳಿದುಹೋಗಿದ್ದರು. ಹೆಬ್ಬೆರಳಿನ ಉಗುರು ಬೆಳ್ಳಗಾಗಿತ್ತು.

ಅಪ್ಪ ಯಾರನ್ನೂ ಲೆಕ್ಕಿಸದೆ ಮುಂದೆ ಹೋಗಿ ಕ್ಯಾರಿಯರ್ ಬಿಚ್ಚಿದರು. ನುಗ್ಗೆಸೊಪ್ಪಿನ ಕಟ್ಟಿನ ವಾಸನೆ ಎದ್ದಿತು. ಒಂದು ಕಾಲಕ್ಕೆ ಅವರನ್ನು ಬಾಗಿಲಿಗೆ ಅಟ್ಟಿದ ಅದೇ ವಾಸನೆ. ಟೀಚರು ತಲೆ ಎತ್ತಿ ನೋಡಿದರು. ಆ ಸೊರಗಿದ ಮುಖದಲ್ಲಿ ಹಳೆಯ ತುಂಟ ನಗು ಮೂಡಿತು.

"ಎಷ್ಟು?" ಎಂದು ಕೇಳಿದರು.

ಲೆಕ್ಕದ ಮೇಷ್ಟರು ಅವರಿವರ ಮುಖ ನೋಡಿದರು. ಅಪ್ಪನ ಅಂಗಿಯ ಜೇಬಿನಲ್ಲಿ ನನ್ನ ಹಳೆಯ ಇಂಕ್ ಫಿಲ್ಲರ್ ಇಣುಕುತ್ತಿದ್ದುದನ್ನು ನಾನು ಕಂಡದ್ದು ಆಗಲೇ.

"ಎಂಟು," ಅಂದರು ಅಪ್ಪ. "ಹೊರಡೋ ಮುಂಚೆ ನೋಡ್ಕೊಂಡೇ ಬಂದೆ ಟೀಚರಮ್ಮ. ನಮ್ಮನೆಯೋಳು ಈಗ ಬೇಗ ಇಳಿಸ್ತಾಳೆ."